ಸತ್ತವನು ಬಿಗಿದ ಬೋಲ್ಟ್

"ವಿನ್ನಿ, ನನ್ನ ಗಂಡ ವಾಪಸ್ ಬಂದಿದ್ದಾನೆ ಕಣೇ."

ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ಆಲಿವ್ ಫೆಂಟನ್ ಹೀಗೆಂದಾಗ ಕೈಲಿದ್ದ ಚಹಾ ಕಪ್ಪು ಬಿದ್ದೇ ಹೋಗುತ್ತಿತ್ತು. ಅವಳ ಗಂಡ ಕ್ಲಿಫರ್ಡನನ್ನು ವಸಂತದಲ್ಲೇ ನಾವೆಲ್ಲ ಸೇರಿ ಮಣ್ಣು ಮಾಡಿ ಬಂದಿದ್ದೆವು. ಈಗ ಎಲೆ ಉದುರುವ ಕಾಲ, ಹೊರಗೆ ಬಯಲಿನ ತುಂಬ ಮಂಜು. ಆ ಮಂಜಿನಲ್ಲಿ ಕೋಟೂ ಇಲ್ಲದೆ, ಮನೆಯೊಳಗಿನ ಚಪ್ಪಲಿಯಲ್ಲೇ ನಡೆದು ಬಂದಿದ್ದಳು ಪುಣ್ಯಾತ್ಗಿತ್ತಿ.

"ಮೊದಲು ಕೂತ್ಕೋ. ಟಿಬ್ಬಟ್ ಅವ್ರೇ, ಕೆಳಗೆ ಬನ್ನಿ!" ಎಂದು ಕೂಗಿದೆ.

ಹೊರೇಸ್ ಟಿಬ್ಬಟ್ ನನ್ನ ಮಹಡಿಯ ಬಾಡಿಗೆದಾರ, ರೈಲ್ವೆ ಪೊಲೀಸಿನ ನಿವೃತ್ತ ಸಾರ್ಜೆಂಟ್. ನಮ್ಮ ಊರಲ್ಲಿ ಕೋಳಿ ಕಳುವಾದರೂ ಹೆಣ ಸಿಕ್ಕರೂ ಜನ ಠಾಣೆಗಿಂತ ಮೊದಲು ನನ್ನ ಮೆಟ್ಟಿಲು ಹತ್ತುತ್ತಿದ್ದರು. ಬಂದವರಿಗೆಲ್ಲ ಚಹಾ ಕಾಸಿ ನನ್ನ ಸೊಂಟ ಬಿದ್ದುಹೋಗಿತ್ತು. ಆದರೂ ಅವರ ಹಿಂದೆ ಹೋಗದೆ ಇರಲಾರದ ಚಪಲ ನನ್ನದೇ, ಯಾರನ್ನು ಬೈಯಲಿ?

ಟಿಬ್ಬಟ್ ಇಳಿದು ಬಂದು ಕುರ್ಚಿಯಲ್ಲಿ ತುಂಬಿಕೊಂಡು ಕುಳಿತರು. ಆಲಿವ್ ಅಳದೆ, ನಡುಗದೆ ಹೇಳಿದಳು. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು.

ಕ್ಲಿಫರ್ಡನಿಗೆ ಹುಡುಗನಾಗಿದ್ದಾಗಿನಿಂದ ಒಂದು ಹಳೇ ಸ್ಪೋರ್ಟ್ಸ್ ಕಾರಿನ ಹುಚ್ಚು. ಅಸಲಿ ಕಾರು ಶ್ರೀಮಂತರ ಪಾಲು. ಹಾಗಾಗಿ ಅದರದೇ ಪಡಿಯಚ್ಚನ್ನು ಮನೆಯಲ್ಲೇ ಕಟ್ಟಲು ಹೊರಟ. ಚೌಕಟ್ಟು, ಫೈಬರ್‌ನ ಮೈ, ಎಲ್ಲ ಬಿಡಿಬಿಡಿಯಾಗಿ ಡಬ್ಬಗಳಲ್ಲಿ ಬಂದವು; ಕಿಟ್ ಕಾರು ಎನ್ನುವುದು ಇದನ್ನೇ. ಎಂಜಿನ್ನೂ ಸ್ಟೀರಿಂಗೂ ಒಂದು ಮುದಿ ಕಾರಿನಿಂದ ಕಿತ್ತದ್ದು. ವರ್ಷಗಟ್ಟಲೆ ಗಂಡಹೆಂಡಿರಿಬ್ಬರೂ ಗ್ಯಾರೇಜಿನಲ್ಲೇ ಸಂಸಾರ ಮಾಡಿದರು. ಕೊನೆಗೆ ಒಂದು ಭಾನುವಾರ, ಸರ್ಕಾರದ ಪರೀಕ್ಷೆ ಆಗುವ ಮೊದಲೇ, ತಡೆಯಲಾರದೆ ಕಾರನ್ನು ಓಣಿಗೆ ಇಳಿಸಿದ. ಚರ್ಚಿನ ತಿರುವಿನಲ್ಲಿ ಸ್ಟೀರಿಂಗ್ ಚಕ್ರ ತಿರುಗಿತು, ಗಾಲಿ ತಿರುಗಲಿಲ್ಲ. ಕಲ್ಲಿನ ಗೋಡೆಗೆ ಹೊಡೆದು ಅಲ್ಲೇ ಸತ್ತ.

"ಸ್ಟೀರಿಂಗ್ ಕಂಬಿಯ ಕೀಲಿನಲ್ಲಿ ಬೋಲ್ಟೇ ಇರಲಿಲ್ಲ," ಎಂದಳು ಆಲಿವ್. "ಸರಿಯಾಗಿ ಬಿಗಿದಿಲ್ಲ, ಉದುರಿಹೋಗಿದೆ ಅಂತ ಪೊಲೀಸರು ಬರೆದ್ರು. ಆ ಸಂದಿಗೆ ಕ್ಲಿಫ್ ಕೈ ತೂರ್ತಿರಲಿಲ್ಲ. ಅದನ್ನ ಬಿಗಿದವಳು ನಾನು, ಟಿಬ್ಬಟ್ ಅವ್ರೇ. ಈ ಕೈ."

ಅವಳು ಕೈಯನ್ನು ಮೇಜಿನ ಮೇಲೆ ಬೇರೆ ಯಾರದೋ ವಸ್ತು ಎಂಬಂತೆ ಇಟ್ಟಳು.

"ಈಗೇನಾಯ್ತು?"

"ಮೊನ್ನೆ ಮಬ್ಬುಗತ್ತಲಾಗೋ ಹೊತ್ತಿಗೆ ಗ್ಯಾರೇಜಿನಲ್ಲಿ ಸ್ಪ್ಯಾನರ್ ಸದ್ದು. ಕಟ ಕಟ ಕಟ ಅಂತ, ಥೇಟ್ ಅವನು ಬಿಗಿಯೋ ಹಾಗೆ. ಜೀವ ಬಾಯಿಗೆ ಬಂತು. ಟಾರ್ಚ್ ಹುಡುಕಿಕೊಂಡು ಹೋಗಿ ನೋಡಿದ್ರೆ ಯಾರೂ ಇಲ್ಲ. ಜಜ್ಜಿಹೋದ ಕಾರಿಗೆ ಹೊದಿಸಿದ್ದ ಬಟ್ಟೆ ಮಾತ್ರ ಸರಿದಿತ್ತು. ಕೀಲಿನಲ್ಲಿ ಬೋಲ್ಟ್ ಇದೆ! ಬಿಗಿಯಾಗಿ! ಹೇಗೆ ಬಿಗೀಬೇಕಿತ್ತು ಅಂತ ನನಗೆ ತೋರಿಸೋಕೆ ಬಂದಿದ್ದಾನೆ ಅವನು."

ನಾನು ಎದ್ದು ಬಾಗಿಲಿಗೆ ಅಗಳಿ ಹಾಕಿ ಬಂದೆ. ಟಿಬ್ಬಟ್ ಮಾತ್ರ ಸಕ್ಕರೆ ಕಲಕುತ್ತ, "ಆಮೇಲೇನು ಮಾಡಿದ್ರಿ?" ಎಂದರು.

"ಕಿರುಚಿಕೊಂಡೆ. ಅಷ್ಟರಲ್ಲಿ ಎದುರುಮನೆ ಮ್ಯೂರಿಯಲ್ ಸೂಪ್ ಹಿಡಿದು ಮುಂಬಾಗಿಲಿಗೆ ಬಂದಿದ್ಲು. ದಿನಾ ತರ್ತಾಳೆ, ಅವಳಿಲ್ದಿದ್ರೆ ನಾನು ಎಂದೋ ಹೋಗಿರ್ತಿದ್ದೆ. ನನ್ನ ತಬ್ಬಿಕೊಂಡು ಕೂತ್ಲು. ಸೂಪ್ ತಣ್ಣಗಾಗಿತ್ತು, ತಾನೇ ಬಿಸಿ ಮಾಡಿ ಕುಡಿಸಿದ್ಲು." ಆಲಿವ್ ಮುಖ ಎತ್ತಿದಳು. "ನನಗೆ ಒಂದೇ ಒಂದು ಗೊತ್ತಾಗಬೇಕು. ನನ್ನ ಗಂಡನನ್ನ ಕೊಂದವಳು ನಾನೇನಾ?"

ಕೂಡಲೇ ಗ್ಯಾರೇಜಿಗೆ ಹೋದೆವು. ನುಜ್ಜುಗುಜ್ಜಾದ ಕೆಂಪು ಕಾರು ಹಳೇ ಹೊದಿಕೆಯಡಿ ಮಲಗಿತ್ತು. ನನಗೆ ಒಳಗೆ ಕಾಲಿಡಲೂ ಮನಸ್ಸಿರಲಿಲ್ಲ. ಟಿಬ್ಬಟ್ ಏದುಸಿರು ಬಿಡುತ್ತ ಮಂಡಿಯೂರಿ, ಟಾರ್ಚ್ ಬಿಟ್ಟು, ಕರವಸ್ತ್ರವನ್ನು ಕಡ್ಡಿಗೆ ಸುತ್ತಿ ಕೀಲಿನ ಜಿಡ್ಡು ಒರೆಸಿದರು. ಎಲ್ಲ ಬೋಲ್ಟುಗಳ ಮೇಲೂ ನೇರಳೆ ಗೆರೆಗಳಿದ್ದವು.

"ಇದೇನಮ್ಮಾ?"

"ನನ್ನ ಉಗುರಿನ ಬಣ್ಣ. ಬಿಗಿದಾದ ಮೇಲೆ ನಟ್ಟಿನಿಂದ ಕೆಳಗಿನ ಕಬ್ಬಿಣಕ್ಕೆ ಸೇರಿಸಿ ಒಂದೇ ಗೆರೆ ಎಳೀತೀವಿ. ನಟ್ಟು ಅಲ್ಲಾಡಿದ್ರೆ ಗೆರೆ ತಪ್ಪುತ್ತೆ. ಕಿಟ್ ಕಾರು ಕಟ್ಟೋರೆಲ್ಲ ಹಾಗೇ. ನಮ್ಮದು ನೇರಳೆ, ಡೆಸ್ಮಂಡ್ ಮನೆಯವರದು ಹಳದಿ."

ಡೆಸ್ಮಂಡ್ ರೇಕ್ಸ್ ಎಂದರೆ ಸೂಪಿನ ಮ್ಯೂರಿಯಲಳ ಗಂಡ. ಅವನೂ ಅದೇ ಕಾರನ್ನು ಕಟ್ಟಿದ್ದ.

ಟಿಬ್ಬಟ್ ಕೈ ಮಾಡಿ ಕರೆದರು. ಇಣುಕಿ ನೋಡಿದೆ. ಕೀಲಿನ ಕಬ್ಬಿಣದ ಮೇಲೆ ಅರ್ಧ ನೇರಳೆ ಗೆರೆ. ನಟ್ಟಿನ ಮೇಲೆ ಇನ್ನರ್ಧ. ಎರಡೂ ಒಂದಕ್ಕೊಂದು ಮುಖ ತಿರುಗಿಸಿಕೊಂಡಿದ್ದವು. ನಟ್ಟಿನ ಮೂಲೆಯಲ್ಲಿ ಕೆರೆದ ಗುರುತು, ಅದರಲ್ಲಿ ಸಾಸಿವೆಯಷ್ಟು ಹಳದಿ.

ಅಷ್ಟರಲ್ಲಿ ಬಾಗಿಲು ದಡ್ ಎಂದಿತು. ಕ್ಲಿಫರ್ಡನ ತಮ್ಮ ಲೆನರ್ಡ್. ಎದುರುಮನೆಯವರಂತೆ ಅವನ ಬಳಿಯೂ ಗ್ಯಾರೇಜಿನ ಪಕ್ಕದ ಬಾಗಿಲಿನ ಕೀಲಿಕೈ ಇತ್ತು.

"ಈ ದರಿದ್ರಾನ ಗುಜರಿಗೆ ಹಾಕು ಅಂತ ಎಷ್ಟು ಸಲ ಬಡ್ಕೊಳ್ಳಲಿ?" ಎಂದು ಅತ್ತಿಗೆಯ ಮೇಲೆ ಹಾರಿಬಿದ್ದ. "ನನ್ನ ಅಣ್ಣನ್ನ ತಿಂದ್ಕೊಂಡೆ, ಈಗ ದೆವ್ವದ ನಾಟಕ ಬೇರೆ!"

"ನಾಲಿಗೆ ಬಿಗಿ ಹಿಡಿಯೋ," ಎಂದೆ ನಾನು. "ಆರು ತಿಂಗಳಿಂದ ಅವಳಿಗೆ ಒಂದು ರೊಟ್ಟಿ ತುಂಡು ತಂದುಕೊಟ್ಟಿದ್ದೀಯಾ?" ಅವನು ಗುರ್ ಎಂದು ಹೊರಟುಹೋದ.

ಟಿಬ್ಬಟ್ ಏನೂ ಆಗದವರಂತೆ, "ಆ ಭಾನುವಾರ ಬೆಳಿಗ್ಗೆ ಏನು ನಡೀತು?" ಎಂದು ಕೇಳಿದರು.

"ಶುಕ್ರವಾರದಿಂದ ಬ್ರೇಕಿನ ಎಣ್ಣೆ ಕೊಳವೆಯಲ್ಲಿ ಸಿಕ್ಕಿದ್ದ ಗಾಳಿ ತೆಗೆಯೋ ಕೆಲಸ ನಡೀತಿತ್ತು. ಅದಕ್ಕೇ ಕ್ಲಿಫ್ ಸ್ಟೀರಿಂಗಿಗೆ ಕೆಂಪು ಬಟ್ಟೆ ಕಟ್ಟಿದ್ದ. ಕೆಲಸ ಅರ್ಧ ಆಗಿದೆ, ಓಡಿಸಬೇಡ ಅಂತ ಅರ್ಥ. ಅದಿದ್ರೆ ರಾಣಿಯೇ ಬಂದು ಕೇಳಿದ್ರೂ ಗಾಡಿ ಹೊರಗೆ ಹೋಗಲ್ಲ. ಶನಿವಾರ ಇಬ್ಬರೂ ಪೇಟೆಗೆ ಹೋಗಿದ್ವಿ. ಭಾನುವಾರ ಬ್ರೇಕ್ ಮುಗೀತು. ಆ ಕೆಂಪು ಬಟ್ಟೆ ಬಿಚ್ಚಿ ನನ್ನ ಕೊರಳಿಗೆ ಸುತ್ತಿ ಮುತ್ತು ಕೊಟ್ಟು ಹೋದ." ಅಷ್ಟು ಹೇಳಿ ಗೋಡೆಯ ಕಡೆ ತಿರುಗಿದಳು.

ಅಲ್ಲಿಂದ ಎದುರುಮನೆಗೆ. ಡೆಸ್ಮಂಡ್ ಎತ್ತರದ ಆಳು, ಕೈ ನೋಡಿದರೆ ಮೊರ. ತನ್ನ ಕಾರನ್ನು ತೋರಿಸುವುದೆಂದರೆ ಅವನಿಗೆ ಮೊಮ್ಮಗನನ್ನು ತೋರಿಸಿದಷ್ಟು ಸಂಭ್ರಮ. ಆ ದಿನ ಮಾತ್ರ ಹೊದಿಕೆ ಎತ್ತಲು ಮನಸ್ಸಿಲ್ಲದೆ ಎತ್ತಿದ.

"ಓಡಿಸಿ ತಿಂಗಳುಗಳಾಯ್ತು ಸಾರ್ಜೆಂಟ್. ಕಾರು ಚರ್ಚಿನ ತಿರುವಿಗೆ ಬಂದ್ರೆ ಗೋಡೆ ಕಡೆ ಎಳೆಯುತ್ತೆ ಅಂತಾಳೆ ಇವಳು. ಹತ್ತೋದೇ ಇಲ್ಲ."

"ಎಳೆಯುತ್ತೆ," ಎಂದಳು ಬಾಗಿಲಲ್ಲಿ ನಿಂತಿದ್ದ ಮ್ಯೂರಿಯಲ್. ಬಡಕಲು ಜೀವ, ಈಚೆಗೆ ಇನ್ನೂ ಕರಗಿದ್ದಳು. "ಚಕ್ರ ಕೈಯಲ್ಲಿ ಉಸಿರಾಡುತ್ತೆ."

ಟಿಬ್ಬಟ್ ಬಗ್ಗಿ ನೋಡಿದರು. ಹಳದಿ ಗೆರೆಗಳೆಲ್ಲ ಧೂಳು ಕುಡಿದು ಮಂಕಾಗಿದ್ದವು. ಸ್ಟೀರಿಂಗ್ ಕೀಲಿನ ಬೋಲ್ಟು ಮಾತ್ರ ಫಳಫಳ ಹೊಸದು, ಗೆರೆಯೂ ಹಸಿಹಳದಿ.

"ಕಿಟ್ ಡಬ್ಬದಲ್ಲಿ ಸಾಮಾನೆಲ್ಲ ಸರಿಯಾಗಿ ಇರುತ್ತೇನಪ್ಪಾ?"

"ಎಲ್ಲಿಯ ಮಾತು!" ಡೆಸ್ಮಂಡ್ ನಕ್ಕ. "ಒಂದಾದ್ರೂ ಕಡಿಮೆ ಇರಲೇಬೇಕು. ಅದಕ್ಕೇ ನಾವು ಒಬ್ಬರ ಗಾಡಿಯಿಂದ ಇನ್ನೊಬ್ಬರು ಕಡ ತಗೋತೀವಿ. ಕೇಳೀನೂ ತಗೋತೀವಿ, ಕೇಳದೇನೂ ತಗೋತೀವಿ. ಕೆಂಪು ಬಟ್ಟೆ ಒಂದು ಕಟ್ಟಿಬಿಟ್ರೆ ಆಯ್ತು."

ಮನೆಗೆ ಬರುವಾಗ, "ಆ ಮೊರದ ಕೈಯವನೇ ಕಳ್ಳ," ಎಂದೆ ನಾನು.

"ಮೊರ ಸಂದಿಗೆ ತೂರುತ್ತೇನ್ರೀ ವಿನ್ನಿ?" ಎಂದರು ಟಿಬ್ಬಟ್.

ಮರುದಿನ ಚಹಾದ ಹೊತ್ತಿಗೆ ಆಲಿವಳ ಗ್ಯಾರೇಜಿನಲ್ಲಿ ನಾಲ್ವರೂ ಸೇರಿದರು. ಆಲಿವ್ ಸ್ಟೂಲಿನ ಮೇಲೆ, ಮ್ಯೂರಿಯಲ್ ಅವಳ ಕೈ ಹಿಡಿದು ಪಕ್ಕದಲ್ಲಿ, ಡೆಸ್ಮಂಡ್ ಗೋಡೆಗೊರಗಿ, ಲೆನರ್ಡ್ ಮುಖ ಊದಿಸಿಕೊಂಡು ಬಾಗಿಲ ಬಳಿ. ಹೊರಗೆ ಮಂಜು ಕಿಟಕಿಗೆ ಮೆತ್ತಿಕೊಂಡಿತ್ತು. ಕಾರಿನ ಹೊದಿಕೆ ತೆಗೆದಿದ್ದರು. ಒಡೆದ ದೀಪಗಳು ನಮ್ಮನ್ನೇ ನೋಡುತ್ತಿದ್ದವು.

"ಮೊದಲನೇದು," ಎಂದರು ಟಿಬ್ಬಟ್. "ಬಿಗಿದಾದ ಮೇಲಷ್ಟೇ ಗೆರೆ ಎಳೆಯೋದು. ಕೀಲಿನ ಮೇಲೆ ಆಲಿವಳ ಅರ್ಧ ಗೆರೆ ಇದೆ. ಅಂದ್ರೆ ಅವಳು ಬಿಗಿದಿದ್ಲು. ಈ ಜಾತಿ ನಟ್ಟಿನೊಳಗೆ ನೈಲಾನ್ ಉಂಗುರ ಇರುತ್ತೆ. ಬಿಗಿದ ಮೇಲೆ ಅದು ತಾನಾಗಿ ಬಿಚ್ಚೋದಿಲ್ಲ. ಸ್ಪ್ಯಾನರ್ ಹಾಕಿ ಯಾರೋ ಬಿಚ್ಚಿದ್ರು."

ಲೆನರ್ಡ್ ತಲೆ ಎತ್ತಿದ. ಆಲಿವ್ ಉಸಿರಾಡಿದಂತೆ ಕಾಣಲಿಲ್ಲ.

"ಎರಡನೇದು, ಮೊನ್ನೆ ಬಂದದ್ದು ಅದೇ ಹಳೇ ಬೋಲ್ಟು, ಅದೇ ನಟ್ಟು. ಆಲಿವಳ ಇನ್ನರ್ಧ ಗೆರೆ ಅದರ ಮೇಲಿದೆ. ಓಣಿಯಲ್ಲಿ ಉದುರಿದ್ರೆ ಜಜ್ಜಿರಬೇಕಿತ್ತು. ತಿರುಪಿನ ಸುತ್ತು ಒಂದೂ ಕೆಟ್ಟಿಲ್ಲ. ತಂದಿಟ್ಟವರೇ ಅಪಘಾತಕ್ಕೆ ಮೊದಲು ತೆಗೆದವರು. ಮಧ್ಯದಲ್ಲಿ ಅದು ಹಳದಿ ಗೆರೆಯ ಕಾರಿನಲ್ಲಿತ್ತು. ಗೆರೆ ಕೆರೆದಿದ್ದಾರೆ, ಚೂರು ಉಳಿದಿದೆ."

"ಡೆಸ್ಮಂಡ್!" ಲೆನರ್ಡ್ ಮುಷ್ಟಿ ಕಟ್ಟಿ ಮುಂದೆ ಬಂದ.

"ನಿಲ್ಲಯ್ಯಾ. ಡೆಸ್ಮಂಡ್, ಆ ಸಂದಿಗೆ ಕೈ ಹಾಕಪ್ಪ."

ಡೆಸ್ಮಂಡ್ ಬಿಳಿಚಿಕೊಂಡು ಕೈ ಹಾಕಿದ. ಗೆಣ್ಣಿನ ಹತ್ತಿರವೇ ಸಿಕ್ಕಿಕೊಂಡಿತು. "ನಮ್ಮ ಗಾಡಿಯಲ್ಲೂ ಹೀಗೇ," ಎಂದು ತೊದಲಿದ. "ಅಲ್ಲಿ ಬಿಗಿಯೋದೆಲ್ಲ..." ಹೆಂಡತಿಯ ಕಡೆ ನೋಡಿದವನು ಮಾತು ಮುಗಿಸಲಿಲ್ಲ.

"ಎದುರುಮನೆಯಿಂದ ಬರೋಷ್ಟರಲ್ಲಿ ಸೂಪ್ ಆರೋದಿಲ್ಲ," ಎಂದರು ಟಿಬ್ಬಟ್ ಮೆಲ್ಲಗೆ. "ಪಾತ್ರೆಯನ್ನ ಹೊರಗೆ ಮಂಜಿನಲ್ಲಿಟ್ಟು ಒಳಗೆ ಬೋಲ್ಟ್ ಬಿಗಿಯುತ್ತಾ ಕೂತಿದ್ರೆ ಆರುತ್ತೆ. ಟಾರ್ಚ್ ಬೆಳಕು ಕಂಡು ಪಕ್ಕದ ಬಾಗಿಲಿಂದ ಹೊರಟು, ಪಾತ್ರೆ ಎತ್ಕೊಂಡು ಮುಂಬಾಗಿಲಿಗೆ ಬಂದ್ರಿ. ಅಲ್ವೇನಮ್ಮಾ ಮ್ಯೂರಿಯಲ್?"

ಮ್ಯೂರಿಯಲ್ ಆಲಿವಳ ಕೈಯನ್ನು ಬಿಟ್ಟಳು.

"ಆ ಭಾನುವಾರ ಇವರು ಕಾರು ಕ್ಲಬ್ಬಿನ ಮೇಳಕ್ಕೆ ಹೋಗಬೇಕಿತ್ತು. ನಮ್ಮ ಡಬ್ಬದಲ್ಲಿ ಆ ಬೋಲ್ಟ್ ಇರಲಿಲ್ಲ, ಬೇರೆ ಸಣ್ಣದು ಹಾಕಿದ್ವಿ, ನನಗೆ ಭಯ. ಶನಿವಾರ ಬಂದ್ರೆ ನೀವಿಬ್ಬರೂ ಇರಲಿಲ್ಲ. ಸೋಮವಾರ ವಾಪಸ್ ಇಡೋಣ ಅಂತ ತಗೊಂಡೆ. ಕಟ್ಟೋಕೆ ಕೆಂಪು ಬಟ್ಟೆ ತಂದಿದ್ದೆ ಆಲಿವ್! ಆದ್ರೆ ಚಕ್ರಕ್ಕೆ ಆಗಲೇ ಒಂದು ಕಟ್ಟಿತ್ತು. ಇದ್ದೇ ಇದೆಯಲ್ಲ, ಇನ್ನೊಂದು ಯಾಕೆ ಅಂತ..."

ಬ್ರೇಕಿಗೆಂದು ಕಟ್ಟಿದ್ದ ತನ್ನ ಬಟ್ಟೆಯನ್ನು ಕ್ಲಿಫರ್ಡ್ ತಾನೇ ಬಿಚ್ಚಿದ್ದ. ಅದು ಇನ್ನೊಬ್ಬರ ಎಚ್ಚರಿಕೆಯನ್ನೂ ಹೊತ್ತಿದೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು?

"ಇಲ್ಲಿಯವರೆಗೆ ಅದು ತಪ್ಪು, ಅಪರಾಧ ಅಲ್ಲ," ಎಂದರು ಟಿಬ್ಬಟ್. "ಅಪರಾಧ ಶುರುವಾದದ್ದು ಕ್ಲಿಫರ್ಡನ ಸಾವಿನ ವಿಚಾರಣೆ ನಡೆದ ದಿನ, ನೀವು ಬಾಯಿ ಮುಚ್ಚಿಕೊಂಡಾಗ."

"ದಿನಾ ಹೇಳಬೇಕು ಅಂತಲೇ ಬರ್ತಿದ್ದೆ. ಇವಳ ಮುಖ ನೋಡಿದ್ರೆ ಧೈರ್ಯ ಸಾಲ್ತಿರಲಿಲ್ಲ, ಸೂಪ್ ಕೊಟ್ಟು ಹೋಗ್ತಿದ್ದೆ. ಆ ಬೋಲ್ಟ್ ನಮ್ಮ ಕಾರಿನಲ್ಲಿ ಕೂತು ನನ್ನ ಪ್ರಾಣ ಹಿಂಡ್ತಿತ್ತು. ಅವನದನ್ನ ಅವನಿಗೆ ಕೊಟ್ರೆ ಬಿಟ್ಟು ಹೋಗ್ತಾನೆ ಅಂದ್ಕೊಂಡೆ."

"ನಿನ್ನ ಭುಜದ ಮೇಲೆ ತಲೆ ಇಟ್ಟು, ನಾನೇ ಕೊಂದೆ ಅಂತ ಅತ್ತೆನಲ್ಲೇ ನಾನು," ಎಂದಳು ಆಲಿವ್. ಧ್ವನಿ ಏರಲಿಲ್ಲ. "ನಿನ್ನ ತಪ್ಪಲ್ಲ ಬಿಡು ಅಂತ ನೀನು ನನ್ನ ತಲೆ ಸವರಿದೆ. ನಿಜ ಗೊತ್ತಿದ್ದೇ ಸವರಿದೆ."

ಡೆಸ್ಮಂಡ್ ಹೆಂಡತಿಯನ್ನು ಎಬ್ಬಿಸಿ ಕರೆದೊಯ್ದ. ಅವರ ಜೊತೆ ಟಿಬ್ಬಟ್ಟೂ ಠಾಣೆಗೆ ಹೋಗಬೇಕಿತ್ತು. ಲೆನರ್ಡ್ ಅತ್ತಿಗೆಯ ಮುಂದೆ ನಿಂತು, "ಆಲಿವ್, ನಾನು..." ಎಂದ.

"ನಾಳೆ ಬಾ, ಲೆನರ್ಡ್. ಇವತ್ತು ಆಗಲ್ಲ," ಎಂದಳು ಅವಳು.

ಅವನೂ ಹೋದ ಮೇಲೆ ಆಲಿವ್ ಕಾರಿನ ಸುತ್ತ ಒಂದು ಸುತ್ತು ಬಂದಳು. ಅವಳ ಎದೆಯ ಮೇಲಿನ ಕಲ್ಲು ಇಳಿಯಿತು, ಇನ್ನು ನೆಮ್ಮದಿಯಾಗಿ ಉಂಡು ಮಲಗುತ್ತಾಳೆ ಎಂದುಕೊಂಡೆ ನಾನು, ಪೆದ್ದಿ. ಅವಳು ಬಾಗಿಲಲ್ಲಿ ನಿಂತಿದ್ದ ಟಿಬ್ಬಟ್ ಕಡೆ ತಿರುಗಿದಳು.

"ಹಾಗಾದ್ರೆ ಮೊನ್ನೆ ಸಂಜೆ ಕ್ಲಿಫ್ ಬರ್ಲೇ ಇಲ್ವಾ?"

ಟಿಬ್ಬಟ್ ಟೋಪಿ ತೆಗೆದು ನನ್ನ ಕಡೆ ನೋಡಿದರು. ಹೇಳಬೇಕಾದವಳು ನಾನೇ ಆದೆ.

"ಇಲ್ಲ ಕಣಮ್ಮಾ," ಎಂದೆ.

"ಬೈಯೋಕಾದ್ರೂ ಬಂದಿದ್ದಾನಲ್ಲ ಅಂತ ಇದ್ದೆ," ಎಂದಳು ಆಲಿವ್. ಆಮೇಲೆ ಅತ್ತಳು, ಗಂಡನನ್ನು ಅದೇ ತಾನೇ ಕಳೆದುಕೊಂಡವಳಂತೆ.