ಸಂಜೆ ಊದಿದ ಶಂಖ

“ನಿನಗಿಲ್ಲಿ ಊಟ ಇಲ್ಲ, ಕೆಲ್ರಾಯ್.”

ಕಡಲ ದಂಡೆಯ ತನ್ನ ಅಂಗಡಿಯಲ್ಲಿ ಕೆಂಡದ ಮೇಲೆ ಮೀನು ಸುಡುತ್ತಿದ್ದ ವರ್ಲಿನ್ ತಲೆ ಎತ್ತದೆ ಹೇಳಿದಳು. ವರ್ಷ ಕಳೆದರೂ ಅವನ ಹೆಜ್ಜೆ ಸಪ್ಪಳ ಅವಳಿಗೆ ಮರೆತಿರಲಿಲ್ಲ...

“ಊಟಕ್ಕೆ ಬಂದಿಲ್ಲ. ನಾಳೆ ಗ್ರೆನಡಾ ದ್ವೀಪಕ್ಕೆ ಹೋಗ್ತಿದೀನಿ, ಅಲ್ಲೇ ಕೆಲಸ. ಹೇಳಿ ಹೋಗೋಣ ಅಂತ.”

“ಹೇಳೋದು ನಿನಗೆ ಅಭ್ಯಾಸ ಇಲ್ವಲ್ಲ?”

ಕಳೆದ ವರ್ಷ ಅವಳ ಅಪ್ಪನ ದೋಣಿ ಬಂಡೆಗೆ ಬಡಿದು ಮಗುಚಿದಾಗ ಜೊತೆಗಿದ್ದವನು ಕೆಲ್ರಾಯ್ ಒಬ್ಬನೇ. ಅಪ್ಪ ಮುಳುಗಿದ, ಇವನು ಉಳಿದ. ಆಪತ್ತಿನಲ್ಲಿ ಶಂಖ ಊದಿದರೆ ಊರೇ ದೋಣಿ ಇಳಿಸುವುದು ಬೆಕ್ವೇ ದ್ವೀಪದ ಬೆಸ್ತರ ಪದ್ಧತಿ. ‘ಯಾಕೆ ಊದಲಿಲ್ಲ?’ ಎಂದು ಅವಳು ಅತ್ತು ಕೇಳಿದ್ದಳು. ಅವನು ಬಾಯಿ ಬಿಡಲಿಲ್ಲ. ಅವರ ಮದುವೆಯ ಮಾತು ಅಲ್ಲಿಗೇ ನಿಂತಿತು.

ಕೊಲ್ಲಿಯ ತುಂಬ ಪ್ರವಾಸಿಗರ ಬಾಡಿಗೆ ದೋಣಿಗಳು. ಮೊದಲಿನ ನಾವಿಕರು ತಿಂಗಳುಗಟ್ಟಲೆ ತಂಗಿ, ಅಪ್ಪನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಈಗಿನವರ ಮುಖ ನೆನಪಿಡುವಷ್ಟರಲ್ಲಿ ಹೊಸಬರು ಬಂದಿರುತ್ತಾರೆ.

ಸೂರ್ಯ ಮುಳುಗಿದ. ಒಂದು ದೋಣಿಯಿಂದ ಶಂಖ ಕೂಗಿತು, ಹಿಂದೆಯೇ ಇನ್ನೊಂದು... ನಗು, ಚಪ್ಪಾಳೆ.

“ಶುರುವಾಯ್ತು ಇವರ ಆಟ, ಹೊತ್ತು ಮುಳುಗಿದ್ರೆ ಸಾಕು, ಮೋಜಿಗೆ ಶಂಖ ಊದೋದು,” ಪಕ್ಕದ ಅಂಗಡಿಯ ಇಸ್ಮೇ ಅತ್ತೆ ಗೊಣಗಿದಳು. “ನಿಜವಾಗ್ಲೂ ಮುಳುಗ್ತಿರೋನು ಊದಿದ್ರೆ ಯಾರಿಗೆ ಗೊತ್ತಾಗ್ಬೇಕು?”

ವರ್ಲಿನ್‌ಳ ಕೈ ನಿಂತಿತು.

ಅಪ್ಪನ ದೋಣಿ ಮಗುಚಿದ್ದೂ ಸಂಜೆಯೇ. ಉಳಿದವೆಲ್ಲ ಸುಮ್ಮನಾದ ಮೇಲೂ ಒಂದು ಶಂಖ ಕೂಗುತ್ತಲೇ ಇತ್ತು. ‘ಯಾವನೋ ಜಾಸ್ತಿ ಕುಡಿದಿದಾನೆ’ ಎಂದು ಗಿರಾಕಿಗಳೊಂದಿಗೆ ನಕ್ಕವಳು ತಾನೇ ಅಲ್ಲವೇ...

“ಕೆಲ್ರಾಯ್... ನೀನು ಊದಿದ್ದೆಯಾ?”

ಅವನು ಸಮುದ್ರದತ್ತ ತಿರುಗಿದ. “ತುಟಿ ಒಡೆಯೋವರೆಗೂ.”

“ಯಾಕೋ ಹೇಳಲಿಲ್ಲ?”

“ಹೇಳಿದ್ರೆ, ಕೇಳಿಸಿಯೂ ಬರಲಿಲ್ಲ ಅಂತ ನಿನ್ನನ್ನ ನೀನೇ ತಿಂದುಕೊಳ್ತಿದ್ದೆ. ನನ್ನನ್ನ ಬೈಕೊಂಡಾದ್ರೂ ನಿದ್ದೆ ಮಾಡ್ಲಿ ಅಂದ್ಕೊಂಡೆ.”

ಅವಳು ಕೆಂಡ ಬಿಟ್ಟು ಹೋಗಿ ಮರಳ ಮೇಲೆ ಕುಳಿತಳು. ಮೀನು ಸೀಯುತ್ತಿತ್ತು. ಇಸ್ಮೇ ಅತ್ತೆ ಸದ್ದಿಲ್ಲದೆ ಬಂದು ಅದನ್ನು ಕೆಳಗಿಳಿಸಿ ಹೋದಳು.

“ಅಪ್ಪ... ನಾವು ಬರ್ತೀವಿ ಅಂತ ಕಾಯ್ತಿದ್ದನಾ?”

“ಇಲ್ಲ. ಬೇಗ ಹೋದ್ರು.”

“ಸುಳ್ಳು ಹೇಳಬೇಡ ಕಣೋ.”

ಅವನು ಅವಳತ್ತ ತಿರುಗಿದ: “ಕಾಯ್ತಿದ್ರು.”

ಅವಳ ಅಳು ತಗ್ಗುವವರೆಗೂ ಅವನು ನಿಂತೇ ಇದ್ದ.

“ನಾಳೆ ಹೋಗಬೇಡ.”

“ನನ್ನ ಮುಖ ನೋಡಿದಾಗೆಲ್ಲ ನಿನಗೆ ಇದೇ ನೆನಪಾಗುತ್ತೆ, ವರ್ಲಿನ್.”

“ನೀನು ಹೋದ್ರೂ ನೆನಪಾಗುತ್ತೆ. ಆಗ ನಾನು ಯಾರ ಹತ್ರ ಅಳಲಿ?”

ಅವನು ಅವಳ ಪಕ್ಕದಲ್ಲಿ ಕುಳಿತುಕೊಂಡ.