ಒಂದು ತಟ್ಟಿದರೆ ಹೌದು

"ಸಾಕು. ಇನ್ನೊಂದು ಟೇಕ್ ಬೇಡ."

ಹೆಡ್‌ಫೋನಿನಲ್ಲಿ ಆ ಮಾತು ಕೇಳಿದ್ದೇ ತಡ, ಅವಳಿಗೆ ಮೈಯೆಲ್ಲ ಉರಿಯಿತು. ಪರದೆಯ ಮೇಲೆ ನಾಯಕಿ ಇನ್ನೂ ನಾಯಕನ ತೋಳಿನಲ್ಲೇ ಇದ್ದಳು. ಆ ನಾಯಕಿಯ ಪಿಸುಮಾತು, ನಿಟ್ಟುಸಿರು, ಬಿಕ್ಕು ಎಲ್ಲವೂ ಮೈಕಿನ ಮುಂದೆ ನಿಂತ ಇವಳದ್ದು. ಡಬ್ಬಿಂಗ್ ಕಲಾವಿದೆ. ಸ್ಟುಡಿಯೋದಲ್ಲಿ ಎಲ್ಲರೂ 'ಜೇನು' ಅಂತಲೇ ಕರೆಯುತ್ತಿದ್ದರು.

ಗಾಜಿನ ಆಚೆ ಕೂತಿದ್ದವನು ಹೊಸ ಸೌಂಡ್ ಇಂಜಿನಿಯರ್. ಅವಳು ಅವನನ್ನು ನೋಡುತ್ತಿದ್ದದ್ದು ಅವತ್ತೇ ಮೊದಲು. ಯಾರೊಡನೆಯೂ ನಾಲ್ಕು ಮಾತಾಡುವವನಲ್ಲ ಅಂತ ಬಂದ ವಾರಕ್ಕೇ ಅವನಿಗೆ 'ಗುಮ್ಮ' ಅನ್ನುವ ಹೆಸರು ಬಿದ್ದಿತ್ತು.

"ಯಾಕೆ? ಏನು ತಪ್ಪಾಯ್ತು?"

"ನಿಮ್ಮ ಗಂಟಲು ನೋಯ್ತಾ ಇದೆ. ಉಸಿರಲ್ಲೇ ಕೇಳಿಸ್ತಿದೆ. ಡಾಕ್ಟರಿಗೆ ತೋರಿಸಿ."

"ನನ್ನ ಗಂಟಲು ನನಗೆ ಗೊತ್ತಿಲ್ವಾ?"

ಗುಮ್ಮ ಮೈಕ್ ಬಂದ್ ಮಾಡಿ ಎದ್ದುಹೋದ.

ಪಕ್ಕದ ಮೈಕಿನಲ್ಲಿದ್ದ ಹೀರೋ ನಕ್ಕ. ಹೀರೋ ಅಂದರೆ ನಾಯಕನಿಗೆ ಧ್ವನಿ ಕೊಡುವವನು. ಮುಖ ಯಾವ ಪೋಸ್ಟರಿನಲ್ಲೂ ಬಂದದ್ದಿಲ್ಲ, ಜಂಬಕ್ಕೆ ಮಾತ್ರ ಕೊರತೆಯಿಲ್ಲ.

"ಬಿಡು ಜೇನು, ಅವನ ಕಿವಿಗೇ ಏನೋ ಆಗಿದೆ. ಸಂಜೆ ಮನೆಗೆ ಬರ್ತೀನಿ."

ಬಂದ. ಕಿಟಕಿಯ ಪರದೆ ಎಳೆದ. "ಆ ಸಿನಿಮಾ ಹುಡುಗಿ ಥರ ಮಾತಾಡು..." ಅಂತ ಕಿವಿಯಲ್ಲಿ ಉಸುರಿದ. ಬಂದಾಗಲೆಲ್ಲ ಅವನು ಕೇಳುತ್ತಿದ್ದದ್ದು ಇದನ್ನೇ. ನೋಯುವ ಗಂಟಲಿನಲ್ಲೇ ಅವಳು ಮಾತಾಡಿದಳು. ಅವನ ತೋಳಿನಲ್ಲಿದ್ದಷ್ಟು ಹೊತ್ತು ತಾನು ಒಂಟಿಯಲ್ಲ ಅನ್ನಿಸುತ್ತಿತ್ತು. ಆಮೇಲೆ ಅವನು ಅಂಗಿಯ ಗುಂಡಿ ಹಾಕಿಕೊಂಡು, ಫೋನ್ ನೋಡುತ್ತಾ ಹೊರಟುಬಿಟ್ಟ. ಇಬ್ಬರಿಗೆಂದು ಮಾಡಿಟ್ಟ ಅಡುಗೆ ಆರಿ ತಣ್ಣಗಾಗಿತ್ತು.

'ನಾನಂದ್ರೆ ಅವನಿಗೆ ಪ್ರಾಣ... ಪುರುಸೊತ್ತಿಲ್ಲ ಅಷ್ಟೇ' ಅಂದುಕೊಂಡು ಒಬ್ಬಳೇ ಉಂಡಳು. ಬೇಕಾದದ್ದನ್ನು ನಂಬುವುದಕ್ಕೆ ಮನಸ್ಸಿಗೆ ಸಾಕ್ಷಿ ಬೇಕಿಲ್ಲ ನೋಡಿ.

ಮರುದಿನ ಹೋದರೆ ಅವಳ ಪಾತ್ರ ಬೇರೆಯವಳ ಪಾಲಾಗಿತ್ತು. "ಇಂಜಿನಿಯರೇ ಹೇಳಿದ್ರಮ್ಮ, ನಿಮ್ಮ ಕೈಲಿ ಆಗಲ್ಲ ಅಂತ" ಅಂದರು ನಿರ್ದೇಶಕರು.

ಅವಳು ನೇರ ಗುಮ್ಮನ ಕೋಣೆಗೆ ನುಗ್ಗಿದಳು.

"ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲ... ನಾನು ನಿಮಗೇನು ಮಾಡಿದ್ದೆ?"

ಕೊನೆಯ ಮಾತಿಗೆ ಧ್ವನಿಯೇ ಹೊರಡಲಿಲ್ಲ, ಬರೀ ಗಾಳಿ ಬಂತು. ಅವನು ಗಾಬರಿಯಿಂದ ಎದ್ದು ಒಂದು ಲೋಟ ನೀರು ಚಾಚಿದ. ಅವಳು ಮುಟ್ಟಲಿಲ್ಲ.

ಗಂಟಲಿನಲ್ಲಿ ಗಂಟಾಗಿದೆ ಅಂದರು ಡಾಕ್ಟರು. ಚಿಕ್ಕ ಆಪರೇಷನ್. "ಆಮೇಲೆ ಒಂದು ತಿಂಗಳು ಪಿಸುಗುಟ್ಟಲೂ ಬಾರದು. ಮೊದಲಿನ ಧ್ವನಿಯೇ ಬರುತ್ತೆ ಅಂತ ನಾನು ಮಾತು ಕೊಡೋಕಾಗಲ್ಲಮ್ಮ."

ಆಪರೇಷನ್ ಆದ ಮೇಲೆ ಹೀರೋ ಒಮ್ಮೆ ಬಂದ. ಹಾಸಿಗೆಯ ಅಂಚಿನಲ್ಲಿ ಕೂತು ಕೈ ಸವರಿದ.

"ಒಂದೇ ಒಂದು ಮಾತು, ಮೆಲ್ಲಗೆ... ನನಗೋಸ್ಕರ."

ಅವಳು ಆಗಲ್ಲ ಅಂತ ತಲೆಯಾಡಿಸಿದಳು. ಅವನು ಗಡಿಯಾರ ನೋಡಿದ, ಫೋನ್ ನೋಡಿದ, ಬಾಗಿಲು ನೋಡಿದ. ಮತ್ತೆ ಬರಲಿಲ್ಲ.

ಮನೆಯಲ್ಲಿ ನಲ್ಲಿ ತೊಟ್ಟಿಕ್ಕುವುದೂ ಜೋರಾಗಿ ಕೇಳತೊಡಗಿತು. ಕನ್ನಡಿಯ ಮುಂದೆ ಬಾಯಿ ತೆರೆದು ಮುಚ್ಚುತ್ತಿದ್ದಳು. 'ಈ ಕಂಠ ಹೋದ್ರೆ ನನ್ನಲ್ಲಿ ಇನ್ನೇನು ಉಳಿಯುತ್ತೆ? ಯಾರಿಗೆ ಬೇಕು?' ಅಂತ ಅತ್ತಳು. ಅಳುವುದನ್ನೂ ಸದ್ದಿಲ್ಲದೆ ಅಳಬೇಕಿತ್ತು.

ಒಂದು ಮಧ್ಯಾಹ್ನ ಫೋನ್ ಬಡಿದುಕೊಂಡಿತು. ಮಾತಾಡಬಾರದವಳಿಗೆ ಫೋನ್ ಮಾಡುವ ಜಾಣ ಯಾರಪ್ಪಾ ಅಂದುಕೊಂಡು ಎತ್ತಿದಳು.

"ನಾನು, ಗುಮ್ಮ. ನೀವು ಮಾತಾಡ್ಬೇಡಿ. ಉಗುರಲ್ಲಿ ಫೋನ್ ತಟ್ಟಿ, ನನಗೆ ಕೇಳಿಸುತ್ತೆ. ಒಂದ್ಸಲ ತಟ್ಟಿದ್ರೆ ಹೌದು, ಎರಡ್ಸಲ ತಟ್ಟಿದ್ರೆ ಇಲ್ಲ. ಊಟ ಆಯ್ತಾ?"

ಈ ಪ್ರಶ್ನೆಯನ್ನು ಅವಳಿಗೆ ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ.

ಟಕ್, ಟಕ್.

"ಮಾಡಿ ಮತ್ತೆ. ಇನ್ನೊಂದು ಹೇಳ್ಬೇಕು. ಆ ಸಿನಿಮಾದಲ್ಲಿ ಇನ್ನೂ ಎರಡು ಅಳೋ ದೃಶ್ಯ ಇತ್ತು. ಮಾಡಿದ್ರೆ ನಿಮ್ಮ ಗಂಟಲು ಪೂರ್ತಿ ಹೋಗ್ತಿತ್ತು. ಅದಕ್ಕೇ ನಿರ್ದೇಶಕರಿಗೆ ಹಾಗೆ ಹೇಳಿದೆ. ನಿಮಗೇ ಬಿಡಿಸಿ ಹೇಳ್ಬೇಕಿತ್ತು, ನನಗೆ ಮಾತು ಬರಲ್ಲ. ಈಗ ನೀವು ಬೈಯೋಕಾಗಲ್ಲ ಅನ್ನೋ ಧೈರ್ಯದ ಮೇಲೆ ಹೇಳ್ತಿದ್ದೀನಿ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು.

ಅಲ್ಲಿಂದ ಅವನು ದಿನಾ ಫೋನ್ ಮಾಡಿದ. ಮಾತು ಬರದ ಗುಮ್ಮ ಇವಳ ಪಾಲಿನದ್ದನ್ನೂ ತಾನೇ ಆಡಿದ. ಅಮ್ಮನ ಮಂಡಿನೋವು, ಸ್ಟುಡಿಯೋದ ಬೆಕ್ಕು, ತಾನು ಸೀಯಿಸಿದ ಅಡುಗೆ... ಮನೆಗೆ ಬರಲೇ ಅಂತ ಒಮ್ಮೆಯೂ ಕೇಳಲಿಲ್ಲ. ಆ ಫೋನಿಗಾಗಿ ಕಾಯುತ್ತಿದ್ದೇನೆ ಅಂತ ಅವಳಿಗೇ ಗೊತ್ತಾದ ದಿನ ಭಯವಾಯಿತು. 'ಹೀರೋಗೆ ನನ್ನ ಕಂಠ ಬೇಕಿತ್ತು, ಮೈ ಬೇಕಿತ್ತು. ಇವನಿಗೆ?'

ತಿಂಗಳು ಕಳೆಯಿತು. ಬಾಯಿ ತೆರೆದರೆ ಬಂದದ್ದು ಒರಟು, ದಪ್ಪ ದನಿ. ಜೇನಿನ ಸುಳಿವೂ ಇರಲಿಲ್ಲ. ಲೆಕ್ಕವಿಟ್ಟವನಂತೆ ಹೀರೋ ಅವತ್ತೇ ಫೋನ್ ಮಾಡಿದ. ಅವಳು "ಹಲೋ" ಅಂದಳು.

"ಅಯ್ಯೋ... ಇದೇನಿದು? ಸರಿ, ಮೊದಲಿನ ಹಾಗಾದ ಮೇಲೆ ಹೇಳು, ಬರ್ತೀನಿ."

"ಬರ್ಬೇಡ" ಅಂದಳು. ಫೋನಿಟ್ಟ ಮೇಲೆ ಎದೆ ಹಗುರಾಗಿತ್ತು. ಆದರೆ ಗುಮ್ಮನ ನಂಬರನ್ನು ಎರಡು ಸಲ ಒತ್ತಿ ಅಳಿಸಿ, ಮೂರನೇ ಸಲ ಕರೆ ಮಾಡಿದಳು. ಕಿವಿಯನ್ನೇ ನಂಬಿ ಬದುಕುವವನು... ಅವನೂ 'ಅಯ್ಯೋ' ಅಂದುಬಿಟ್ಟರೆ?

ಟಕ್ ಅಂತ ಒಂದು ತಟ್ಟಿದಳು.

"ಇವತ್ತಿಂದ ಮಾತಾಡ್ಬಹುದಲ್ವಾ?"

ಟಕ್.

"ಭಯಾನಾ?"

ಬಹಳ ಹೊತ್ತಿನ ಮೇಲೆ, ಟಕ್.

ಅವನು ಅವಸರ ಮಾಡಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು.

"ಊಟ ಆಯ್ತಾ?"

ಆ ಕಡೆಯಿಂದ ಮೆಲ್ಲಗೆ, ಟಕ್, ಟಕ್.

"ನನ್ನ ಧ್ವನಿ ಹಾಳಾಗಿದೆ, ಕೇಳಿಸ್ತಲ್ವಾ?"

"ನೋವು ಹೋಗಿದೆ. ನನಗೆ ಕೇಳಿಸಿದ್ದು ಅಷ್ಟೇ..."

"ಇಬ್ಬರಿಗೆ ಆಗೋಷ್ಟು ಅಡುಗೆ ಇದೆ" ಅಂದಳು. "ನೀವಿರೋ ಕಡೆಗೇ ತರ್ಲಾ? ಅಲ್ಲೇ ಕೂತು ಉಣ್ಣೋಣ. ಆಮೇಲೂ... ದಿನಾ."

ಮಾತು ಮತ್ತೆ ಕೈಕೊಟ್ಟಿರಬೇಕು ಗುಮ್ಮನಿಗೆ. ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು.

ಟಕ್.