ಹೊಳಪಿನೊಳಗಿನ ಹೆಬ್ಬೆರಳು

ಪೆನ್ನು ಕಡೆಯಲು ಜಾಲಿ ಮರದ ತುಂಡು ಪುಕ್ಕಟೆ ಸಿಗುತ್ತದೆ. ದುಬಾರಿ ಅಂದರೆ ಅದಕ್ಕೆ ಹೊಳಪು ಕೊಡುವ, ಕ್ಷಣದಲ್ಲಿ ಒಣಗುವ ಅಂಟು. ಗಾಜಿನಂತೆ ಹೊಳೆದರೆ ಮಾತ್ರ ನನ್ನ ಪೆನ್ನು ಕೊಳ್ಳುವುದಾಗಿ ಭಾಲ್ಕಿಯ ಅಂಗಡಿಯವರು ಹೇಳಿದ್ದರು. ಅದಕ್ಕೇ ಬೀದರದ ವಹೀದಾ ಆಪಾ ಹತ್ತಿರ, ಅವರ ತೀರಿಹೋದ ಯಜಮಾನರ, ಮರ ತಿರುಗಿಸಿ ಕಡೆಯುವ ಖರಾದಿ ಯಂತ್ರದ ಮೇಲೆ ಕಲಿಯಲು ನಿಂತೆ.

ತಿರುಗುವ ಪೆನ್ನಿಗೆ ತೆಳ್ಳಗೆ ಅಂಟು ಸವರಿದೆ. ಒಣಗುವಾಗ ಅದು ಬಿಸಿಯಾಗಬೇಕು; ತಣ್ಣಗಾಯಿತು. ಯಂತ್ರ ನಿಲ್ಲಿಸಿ ನೋಡಿದರೆ ಹೊಳಪಿನೊಳಗೆ ಹೆಬ್ಬೆರಳಿನ ಗುರುತು, ಅದರ ಮೇಲೆ ಅಡ್ಡಕ್ಕೆ ಹಳೆಯ ಗಾಯದ ಗೆರೆ.

“ಅರೇ, ಹಸಿ ಇದ್ದಾಗ ಮುಟ್ಟಿದೇನ? ನಿನಗ ಸಬೂರಿನೇ ಇಲ್ಲ ನೋಡು!” ಆಪಾ ಬೈದರು.

“ಕೈಗವಸ ಹಾಕ್ಕೊಂಡೀನ್ರಿ ಆಪಾ.”

ನಾನು ಸೋಲುವವಳಲ್ಲ. ಪಾಲಿಶ್ ಪೇಪರಿನಿಂದ ಮರ ಕಾಣುವವರೆಗೆ ತಿಕ್ಕಿ, ಮತ್ತೆ ಸವರಿದೆ. ಗುರುತು ಅದೇ ಜಾಗದಲ್ಲಿ ಬಂತು.

ಆಪಾ ಪೆನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ನಮ್ಮ ಯಜಮಾನರ ಹೆಬ್ಬೆರಳಿಗೂ ಹಿಂಗೇ ಉಳಿ ತಾಗಿದ ಗೆರೆ ಇತ್ತು. ಇದು ನನ್ನ ಕಡಿ ಇರ್ಲಿ. ನೀ ಬ್ಯಾರೆ ತುಂಡು ಹಚ್ಚವ್ವ,” ಅಂದರು, ದನಿ ಇಳಿಸಿ.

ಬೇರೆ ತುಂಡು ಗಾಜಿನಂತೆ ಹೊಳೆಯಿತು. ವರ್ಷದಿಂದ ಭಾಲ್ಕಿಯ ಅಂಗಡಿಗೆ ಪೆನ್ನು ಕೊಡುತ್ತಿದ್ದೇನೆ, ಕಸುಬು ಕೈಗೆ ಹತ್ತಿದೆ. ಆ ಒಂದು ಪೆನ್ನು ಮಾತ್ರ ಆಪಾ ಮನೆಯಲ್ಲೇ ಉಳಿಯಿತು. ಮೊನ್ನೆ ಮುಟ್ಟಿ ನೋಡಿದೆ. ಗುರುತು ಇನ್ನೂ ಹಸಿಯಾಗಿತ್ತು.